ನಾಲ್ಕು ತಾಲ್ಲೂಕು, ಒಂದು ಟೆಸ್ಟ್ ಫೈಲು

ಕನ್ನಡ ಪದದಲ್ಲಿ ಎಷ್ಟು ಅಕ್ಷರಗಳಿವೆ ಎಂದು ಎಣಿಸುವ ಪುಟ್ಟ ಜಾವಾಸ್ಕ್ರಿಪ್ಟ್ ಲೈಬ್ರರಿಯೊಂದನ್ನು ಬರೆಯುತ್ತಿದ್ದೀರಿ ಎಂದಿಟ್ಟುಕೊಳ್ಳಿ. ಅದನ್ನು ಒರೆಗೆ ಹಚ್ಚಲು ಹಾವೇರಿ ಜಿಲ್ಲೆಯ ನಾಲ್ಕು ತಾಲ್ಲೂಕುಗಳ ಹೆಸರೇ ಸಾಕು: ಸವಣೂರು, ಶಿಗ್ಗಾಂವ, ಹಾನಗಲ್ಲ, ಹಿರೇಕೆರೂರು.

ಏರ್ಪಾಡು ಸುಲಭ. 2023ರ ನೋಡ್ 20ರಿಂದ ಟೆಸ್ಟ್ ಓಡಿಸುವ ಸೌಲಭ್ಯ ನೋಡ್‌ನಲ್ಲೇ ಸ್ಥಿರವಾಗಿ ಇದೆ. ಬೇರೇನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಫೈಲಿನ ಹೆಸರು ‘.ಟೆಸ್ಟ್.ಜೆಎಸ್’ ಎಂದು ಮುಗಿದರೆ ‘ನೋಡ್ --ಟೆಸ್ಟ್’ ಕಮಾಂಡ್ ತಾನೇ ಅದನ್ನು ಹುಡುಕಿ ಓಡಿಸುತ್ತದೆ. ಈ ಪದ ಕೊಟ್ಟರೆ ಈ ಉತ್ತರ ಬರಬೇಕು, ಬಾರದಿದ್ದರೆ ಫೇಲ್: ಟೆಸ್ಟ್ ಎಂದರೆ ಇಷ್ಟೇ.

ಕಷ್ಟವಿರುವುದು ಪದ ಆರಿಸುವಲ್ಲಿ. ‘ಸವಣೂರು’ ಓದುವವರಿಗೆ 4 ಅಕ್ಷರ. ಜಾವಾಸ್ಕ್ರಿಪ್ಟಿನ ‘ಲೆಂಗ್ತ್’ 6 ಅನ್ನುತ್ತದೆ, ಕೊಂಬುಗಳನ್ನೂ ಬೇರೆಯಾಗಿ ಎಣಿಸುವುದರಿಂದ. ಅದರ ಬದಲು ‘ಇಂಟ್ಲ್.ಸೆಗ್ಮೆಂಟರ್’ ಬಳಸಿದರೆ 4 ಬಂದು ಟೆಸ್ಟ್ ಪಾಸಾಗುತ್ತದೆ. ಅಲ್ಲಿಗೇ ನಿಲ್ಲಿಸಬೇಡಿ. ‘ಶಿಗ್ಗಾಂವ’ ಕೊಟ್ಟು ನೋಡಿ: ಬರಬೇಕಾದದ್ದು 3, ಬರುವುದು 4. ‘ಗ್’ ಒಂದು ಕಡೆ, ‘ಗಾಂ’ ಇನ್ನೊಂದು ಕಡೆ ಒಡೆದಿರುತ್ತವೆ. 2023ರ ಯೂನಿಕೋಡ್ 15.1 ದೇವನಾಗರಿ, ತೆಲುಗು ಸೇರಿ ಆರು ಲಿಪಿಗಳ ಒತ್ತಕ್ಷರವನ್ನು ಒಡೆಯದೆ ಹಿಡಿಯುವ ನಿಯಮ ತಂದಿತು. ಆ ಆರರಲ್ಲಿ ಕನ್ನಡ ಇಲ್ಲ. ಹಾಗಾಗಿ ಒತ್ತಕ್ಷರ ಕೂಡಿಸುವ ಹೊಣೆ ನಿಮ್ಮ ಲೈಬ್ರರಿಯದೇ.

‘ಹಾನಗಲ್ಲ’ದ ‘ಲ್ಲ’ಕ್ಕೂ ಅದೇ ಪಾಡು. ಊರಿನ ಹೆಸರನ್ನು ‘ಹಾನಗಲ್’ ಎಂದೂ ಬರೆಯುತ್ತಾರಲ್ಲ, ಆಗ ಕೊನೆಯ ‘ಲ್’ ಲೆಕ್ಕಕ್ಕೆ ಬರುತ್ತದೆಯೇ? ಛಂದಸ್ಸಿನ ಲೆಕ್ಕದಲ್ಲಿ ಬರುವುದಿಲ್ಲ, ಪದಬಂಧದ ಚೌಕದಲ್ಲಿ ಬರುತ್ತದೆ. ಯಾವುದಾದರೂ ಒಂದನ್ನು ತೀರ್ಮಾನಿಸಿ ಟೆಸ್ಟಿನಲ್ಲಿ ಬರೆದಿಡಿ. ನಾಳೆ ಕೋಡ್ ತಿದ್ದುವವರಿಗೆ ನಿಮ್ಮ ನಿರ್ಧಾರ ತಿಳಿಯುವುದು ಅಲ್ಲಿಂದಲೇ.

‘ಹಿರೇಕೆರೂರು’ ಇನ್ನೂ ಸೂಕ್ಷ್ಮ. ‘ರೇ’ಯಲ್ಲಿನ ಏತ್ವವನ್ನು ಒಂದೇ ಸಂಕೇತವಾಗಿಯೂ, ಎತ್ವ ಮತ್ತು ದೀರ್ಘ ಎಂಬ ಎರಡು ಸಂಕೇತಗಳಾಗಿಯೂ ಇಡಬಹುದು. ಕಣ್ಣಿಗೆ ಎರಡೂ ಒಂದೇ, ಜಾವಾಸ್ಕ್ರಿಪ್ಟ್ ಮಾತ್ರ ಅವೆರಡೂ ಸಮವಲ್ಲ ಅನ್ನುತ್ತದೆ. ‘ನಾರ್ಮಲೈಸ್’ ಮಾಡಿದ ಮೇಲೆ ಎರಡಕ್ಕೂ 5 ಬರಬೇಕು. ಈ ಟೆಸ್ಟಿನ ಎರಡನೆಯ ರೂಪವನ್ನು ಕೀಬೋರ್ಡಿನಿಂದ ಟೈಪಿಸದೆ ಯೂನಿಕೋಡ್ ಸಂಖ್ಯೆಯಲ್ಲೇ ಬರೆಯಿರಿ, ಇಲ್ಲದಿದ್ದರೆ ಒಂದೇ ರೂಪವನ್ನು ಎರಡು ಸಲ ಪರೀಕ್ಷಿಸಿದಂತಾದೀತು.

ಕೊನೆಗೆ, ಗಿಟ್‌ಹಬ್ ಆಕ್ಷನ್ಸ್‌ನಲ್ಲಿ ಪ್ರತಿ ಪುಶ್‌ಗೂ ಟೆಸ್ಟ್ ಓಡುವಂತೆ ಮಾಡಿ, ನೋಡ್‌ನ ಎರಡು ಮೂರು ಆವೃತ್ತಿಗಳಲ್ಲಿ. ಆವೃತ್ತಿ ಬದಲಾದರೆ ಅದರೊಳಗಿನ ಯೂನಿಕೋಡ್ ನಿಯಮಗಳೂ ಬದಲಾಗಬಹುದು.