ಕಾಫಿ ಸೀಮೆಯ ಹಾಡುಗಳು: ಸಂಗ್ರಹ ಮತ್ತು ಅದರ ಎಲ್ಲೆಗಳು
(ಆಲ್ದೂರು ಪರಿಸರವನ್ನು ಕುರಿತು)

ಕನ್ನಡ ಸೀಮೆಯ ಜನಪದ ಗೀತೆಗಳ ಸಂಗ್ರಹಕಾರ್ಯಕ್ಕೆ ಒಂದೂವರೆ ಶತಮಾನದ ಇತಿಹಾಸವಿದೆ. ಚಾರ್ಲ್ಸ್ ಇ. ಗೋವರ್ 1871ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜನಪದ ಗೀತೆಗಳ ಇಂಗ್ಲಿಷ್ ಸಂಕಲನದಲ್ಲಿ ಕನ್ನಡಕ್ಕೂ ಕೊಡಗಿಗೂ ಪ್ರತ್ಯೇಕ ಭಾಗಗಳಿವೆ. ಆದರೆ ಕನ್ನಡ ಭಾಗದಲ್ಲಿ ಅವರಿಗೆ ದೊರೆತದ್ದು ಹೆಚ್ಚಾಗಿ ದಾಸರ ಪದಗಳು. ಜೆ.ಎಫ್. ಫ್ಲೀಟ್ 1880ರ ದಶಕದಲ್ಲಿ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಉತ್ತರ ಕರ್ನಾಟಕದ ಐತಿಹಾಸಿಕ ಲಾವಣಿಗಳನ್ನು ಪ್ರಕಟಿಸಿದರು. ನಡಿಕೇರಿಯಂಡ ಚಿಣ್ಣಪ್ಪನವರ 'ಪಟ್ಟೋಲೆ ಪಳಮೆ' 1924ರಲ್ಲಿಯೂ ಹಲಸಂಗಿ ಗೆಳೆಯರ 'ಗರತಿಯ ಹಾಡು' 1931ರಲ್ಲಿಯೂ ಬಂದವು. ಈ ಕೃತಿಗಳ ಉದ್ದೇಶಗಳು ಬೇರೆ ಬೇರೆಯಾದರೂ ಅವುಗಳ ಹಿಂದೆ ಒಂದು ಸಮಾನ ನಂಬಿಕೆ ಕಾಣಬರುತ್ತದೆ: ಹಾಡಿಗೆ ಒಂದು ಊರು ಅಥವಾ ಸೀಮೆಯಿದೆ, ಅಲ್ಲಿ ತಲೆಮಾರುಗಳಿಂದ ನೆಲೆನಿಂತ ಒಂದು ಸಮುದಾಯವಿದೆ, ಆ ಸಮುದಾಯಕ್ಕೆ ಒಂದು ಭಾಷೆಯಿದೆ. ಹಲಸಂಗಿಗೆ ಈ ಮಾದರಿ ಸರಿಯಾಗಿಯೇ ಹೊಂದುತ್ತದೆ. ಚಿಕ್ಕಮಗಳೂರಿನ ಕಾಫಿ ಸೀಮೆಗೆ ಅದು ಅರ್ಧ ಮಾತ್ರ ಹೊಂದುತ್ತದೆ ಎಂಬುದು ಇಲ್ಲಿನ ವಿವೇಚನೆಯ ವಿಷಯ.

ಆಲ್ದೂರು ಚಿಕ್ಕಮಗಳೂರಿನಿಂದ ಬಾಳೆಹೊನ್ನೂರಿಗೆ ಹೋಗುವ ದಾರಿಯಲ್ಲಿರುವ ಹೋಬಳಿ ಕೇಂದ್ರ. 1947ರವರೆಗೆ ಈ ಜಿಲ್ಲೆಗೆ ಕಡೂರು ಜಿಲ್ಲೆಯೆಂದೇ ಹೆಸರಿದ್ದುದರಿಂದ ಹಳೆಯ ದಾಖಲೆಗಳನ್ನು ಹುಡುಕುವವರು ಆ ಹೆಸರಿನಲ್ಲಿ ನೋಡಬೇಕಾಗುತ್ತದೆ. ಜಾನಪದದ ದೃಷ್ಟಿಯಿಂದ ಈ ಊರು ಎರಡು ಆಚರಣಾ ವಲಯಗಳ ಅಂಚಿನಲ್ಲಿದೆ. ಪಶ್ಚಿಮೋತ್ತರಕ್ಕೆ ಬಾಳೆಹೊನ್ನೂರು, ಕೊಪ್ಪ, ಶೃಂಗೇರಿಗಳ ಕಡೆಗೆ ಸಾಗಿದಂತೆ ದೀಪಾವಳಿಯ ಅಂಟಿಗೆ ಪಂಟಿಗೆ ಮುಖ್ಯವಾಗುತ್ತದೆ. ದಕ್ಷಿಣಕ್ಕೆ ಮೂಡಿಗೆರೆ, ಸಕಲೇಶಪುರಗಳ ಕಡೆಗೆ ಇಳಿದಂತೆ ಗ್ರಾಮದೇವತೆಯ ಸುಗ್ಗಿ ಹಬ್ಬ ಮುಖ್ಯವಾಗುತ್ತದೆ.

ಅಂಟಿಗೆ ಪಂಟಿಗೆಯಲ್ಲಿ ಗಂಡಸರ ತಂಡವೊಂದು ದೇವರ ಸನ್ನಿಧಿಯಲ್ಲಿ ಹೊತ್ತಿಸಿದ ದೀಪವನ್ನು ಹಿಡಿದು ಬಲಿಪಾಡ್ಯಮಿಯ ರಾತ್ರಿಯಿಂದ ಮನೆಮನೆಗೆ ಹೋಗುತ್ತದೆ. ತಿರುಗಾಟ ಮುಗಿಯುವವರೆಗೆ ದೀಪ ಆರಬಾರದು. ಮನೆಯವರು ಎಣ್ಣೆ ಎರೆದು, ಆ ದೀಪದಿಂದ ತಮ್ಮ ಮನೆಯ ಹಣತೆ ಹೊತ್ತಿಸಿಕೊಂಡು, ಅಕ್ಕಿ, ಹಣ, ತಿಂಡಿ ಕೊಡುತ್ತಾರೆ. ಬಾಗಿಲು ತೆರೆಸುವ ಪದ, ಮನೆಯವರನ್ನು ಹರಸುವ ಪದ, ಬಲೀಂದ್ರನ ಕಥನ ಹೀಗೆ ಹಾಡುಗಳಿಗೆ ಒಂದು ಕ್ರಮವಿದೆ. ಆದರೆ ಮನೆಯಿಂದ ಮನೆಗೆ ನಡೆಯುವ ಕತ್ತಲೆಯ ದಾರಿಯಲ್ಲಿ ಹಾಡುವ, ನಗೆಚಾಟಿಕೆಯ, ಕೆಲವೊಮ್ಮೆ ಹಸಿ ಮಾತಿನ ಪದಗಳೂ ಆ ರಾತ್ರಿಗೇ ಸೇರಿದವು. ಮುದ್ರಿತ ಸಂಕಲನಗಳಿಗೆ ಇವು ಬರುವುದು ತೀರ ವಿರಳ. ಸಂಗ್ರಾಹಕನನ್ನು ಜಗಲಿಯ ಮೇಲೆ ಕೂರಿಸಿ ಹಾಡಿ ಒಪ್ಪಿಸುವಾಗ ವಕ್ತೃಗಳೇ ಅವನ್ನು ಬಿಟ್ಟುಬಿಡುತ್ತಾರೆ. ಹಾಡಿದರೂ ಸಂಪಾದಕರು ಕೈಬಿಡುತ್ತಾರೆ. ದಾರಿಯ ಪದಗಳಿಲ್ಲದ ಅಂಟಿಗೆ ಪಂಟಿಗೆಯು ಪುಸ್ತಕದಲ್ಲಿ ಮಾತ್ರ ಇರಬಲ್ಲದು.

ಸುಗ್ಗಿಯದು ಇನ್ನೊಂದು ಬಗೆ. ಮಾರ್ಚ್–ಏಪ್ರಿಲ್ ತಿಂಗಳುಗಳಲ್ಲಿ ಸುಗ್ಗಿ ಕಟ್ಟೆಯ ಸುತ್ತ, ವಾದ್ಯದ ಗತಿಗೆ ಹೊಂದಿಕೊಂಡು ನಡೆಯುವ ಕುಣಿತದಲ್ಲಿ ಹಾಡಿಗಿಂತ ಹೆಜ್ಜೆಗೇ ಪ್ರಾಧಾನ್ಯ. ಇದರಿಂದಾಗಿ ಪಠ್ಯವನ್ನೇ ಅರಸುವ ಸಂಗ್ರಾಹಕರ ಟಿಪ್ಪಣಿಗಳಲ್ಲಿ ಸುಗ್ಗಿಯು ಕೆಲವೇ ಸಾಲುಗಳಲ್ಲಿ ಮುಗಿದುಹೋಗುತ್ತದೆ. ಅಲನ್ ಡಂಡೆಸ್ 1964ರಲ್ಲಿ ಜಾನಪದ ಘಟಕವನ್ನು ಪಠ್ಯ, ಅದರ ನೇಯ್ಗೆ ಮತ್ತು ಸಂದರ್ಭ ಎಂಬ ಮೂರು ನೆಲೆಗಳಲ್ಲಿಯೂ ವಿವರಿಸಬೇಕೆಂದು ವಾದಿಸಿದರು. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಈ ಮಾತನ್ನು ಪಾಠ ಮಾಡಲಾಗುತ್ತದೆ. ಕ್ಷೇತ್ರಕಾರ್ಯದ ಪುಸ್ತಕದಲ್ಲಿ ಮಾತ್ರ ಪಠ್ಯವೊಂದೇ ಉಳಿಯುತ್ತದೆ.

ಮೂರನೆಯದು ನಾಟಿಯ ಪದ. ಜುಲೈ–ಆಗಸ್ಟ್ ಮಳೆಯಲ್ಲಿ, ಸಾಲಾಗಿ ಬಗ್ಗಿ ಸಸಿ ನೆಡುವ ಹೆಣ್ಣುಮಕ್ಕಳಲ್ಲಿ ಒಬ್ಬಳು ಎತ್ತಿಕೊಟ್ಟು ಉಳಿದವರು ಸೊಲ್ಲು ಸೇರಿಸುವ ಈ ಹಾಡಿಗೆ ಗದ್ದೆಯೇ ವೇದಿಕೆ. ಮಲೆನಾಡಿನ ಕಣಿವೆಯ ಗದ್ದೆಗಳು ಆಳಿನ ಅಭಾವ, ಕಾಡುಪ್ರಾಣಿಗಳ ಕಾಟ ಮತ್ತು ಕಡಿಮೆ ಆದಾಯದ ಕಾರಣ ಪಾಳು ಬೀಳುತ್ತಿವೆ. ಹಲವೆಡೆ ಅಡಿಕೆ, ಕಾಫಿ ತೋಟಗಳಾಗಿವೆ. ಮರೆವಿನಿಂದ ಹಾಡು ಅಳಿಯುತ್ತದೆ ಎಂದು ಹೇಳುವುದು ವಾಡಿಕೆ. ನಾಟಿಪದಗಳ ವಿಷಯದಲ್ಲಿ ಅದು ಸರಿಯಲ್ಲ. ಪದ ಬಲ್ಲ ಹಿರಿಯ ಹೆಂಗಸರು ಇನ್ನೂ ಇದ್ದಾರೆ. ಅದನ್ನು ಹಾಡಬೇಕಾದ ಕೆಲಸವೇ ಇಲ್ಲವಾಗಿದೆ.

ಈ ಮೂರೂ ಊರಿನ ಹಾಡುಗಳು. ಊರಿನ ಪಕ್ಕದಲ್ಲಿ ತೋಟಗಳಿವೆ. ಬಾಬಾಬುಡನ್‌ಗಿರಿಯ ಏಳು ಬೀಜಗಳ ಐತಿಹ್ಯ ಎಲ್ಲರಿಗೂ ತಿಳಿದದ್ದೇ. ದೊಡ್ಡ ಪ್ರಮಾಣದ ತೋಟಗಾರಿಕೆ ಬೆಳೆದುದು 19ನೆಯ ಶತಮಾನದಲ್ಲಿ ಐರೋಪ್ಯ ಪ್ಲಾಂಟರುಗಳು ಬಂದ ಮೇಲೆ. 1850ರ ದಶಕದಲ್ಲಿ ಮಂಜರಾಬಾದ್ ಸೀಮೆಗೆ ಬಂದು ನೆಲೆಸಿದ ರಾಬರ್ಟ್ ಎಲಿಯಟ್ 1894ರಲ್ಲಿ ಪ್ರಕಟಿಸಿದ ಅನುಭವ ಕಥನ ಆ ಕಾಲದ ತೋಟಗಳ ಚಿತ್ರವನ್ನು ಕೊಡುತ್ತದೆ. ತೋಟಕ್ಕೆ ಬೇಕಾದ ಆಳು ಘಟ್ಟದ ಕೆಳಗಿನ ತುಳು ಸೀಮೆಯಿಂದ, ತಮಿಳು ಪ್ರದೇಶದಿಂದ, ಬಯಲುಸೀಮೆಯಿಂದ ಮೇಸ್ತ್ರಿಗಳ ಮೂಲಕ ಬಂದಿತು; ಲೈನು ಮನೆಗಳಲ್ಲಿ ನೆಲೆಸಿತು. ಕುವೆಂಪು ಅವರ 'ಕಾನೂರು ಹೆಗ್ಗಡಿತಿ'ಯಲ್ಲಿ (1936) ಘಟ್ಟದ ಕೆಳಗಿನ ಆಳುಗಳನ್ನು ನಡೆಸುವ ಸೇರೆಗಾರ ಒಂದು ಮುಖ್ಯ ಪಾತ್ರವಾಗಿದ್ದಾನೆ. ಕಾದಂಬರಿಕಾರರು ಕಂಡ ಈ ಜನವನ್ನು ಹಾಡು ಸಂಗ್ರಹಿಸುವವರು ಬಹುಮಟ್ಟಿಗೆ ಕಾಣಲಿಲ್ಲ. ಬಂದವರು, ಮತ್ತೆ ಹೋಗುವವರು, ಕನ್ನಡವಲ್ಲದ ಮಾತನ್ನಾಡುವವರು ಎಂಬ ಕಾರಣಗಳಿಂದ ಅವರು 'ಮಲೆನಾಡಿನ ಜಾನಪದ' ಎಂಬ ಶೀರ್ಷಿಕೆಯ ಹೊರಗುಳಿದರು.

ಹೊರಗುಳಿದುದರ ಗಾತ್ರವನ್ನು ಊಹಿಸಲು ಘಟ್ಟ ಇಳಿದು ನೋಡಬೇಕು. ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿಯ ಮೂಲಕ ಇಳಿದರೆ ಸಿಗುವುದು ಉಜಿರೆ. ಅದರ ಸಮೀಪದ ಮಾಚಾರಿನ ಗೋಪಾಲ ನಾಯ್ಕರು ಹಾಡಿದ ಸಿರಿ ಪಾಡ್ದನವನ್ನು ಫಿನ್ಲೆಂಡಿನ ಲೌರಿ ಹೋಂಕೊ ಅವರು ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ, ಅನ್ನೆಲಿ ಹೋಂಕೊ ಅವರೊಡನೆ 1990ರ ಡಿಸೆಂಬರಿನಲ್ಲಿ ಧ್ವನಿಮುದ್ರಿಸಿದರು. 1998ರಲ್ಲಿ ಪ್ರಕಟವಾದ ಆ ಪಠ್ಯದ ಉದ್ದ 15,683 ಸಾಲುಗಳು. ಒಬ್ಬ ಹಾಡುಗಾರನ ನೆನಪಿನಿಂದ ಇಷ್ಟು ದೊರೆತ ಸೀಮೆಯಿಂದಲೇ ತಲೆಮಾರುಗಳ ಕಾಲ ಆಳುಗಳು ಘಟ್ಟ ಹತ್ತಿ ಬಂದರು. ಪಾಡ್ದನಗಳು ದೈವದ ಆರಾಧನೆಯಲ್ಲಿ ಮಾತ್ರವಲ್ಲ, ನಾಟಿ ಗದ್ದೆಯಲ್ಲಿ ಹೆಂಗಸರ ಬಾಯಲ್ಲಿಯೂ ಇದ್ದ ಹಾಡುಗಳು. ಅವರೊಡನೆ ಬಂದ ಪಂಜುರ್ಲಿ, ಗುಳಿಗ ಮೊದಲಾದ ದೈವಗಳಿಗೆ ಮೂಡಿಗೆರೆ, ಕಳಸ ಸೀಮೆಯ ತೋಟಗಳಲ್ಲಿ ನೆಲೆ ಸಿಕ್ಕಿತು. ದೈವದ ಕಲ್ಲನ್ನು ಗುರುತಿಸಿದ ಅಧ್ಯಯನಕಾರರು ಅದರ ಪಾಡ್ದನ ಘಟ್ಟದ ಮೇಲೆ ಏನಾಯಿತು, ಊರಹೆಸರುಗಳು ಬದಲಾದವೇ, ಕನ್ನಡದ ಸೊಲ್ಲು ಸೇರಿತೇ ಎಂಬುದನ್ನು ಕೇಳಬೇಕಾಗಿತ್ತು. ಪಾಠಾಂತರಗಳ ಅಧ್ಯಯನಕ್ಕೆ ಇದಕ್ಕಿಂತ ಒಳ್ಳೆಯ ಕ್ಷೇತ್ರ ಕರ್ನಾಟಕದಲ್ಲಿ ಹೆಚ್ಚಿಲ್ಲ.

ಕಾಫಿ ಕೆಲಸಕ್ಕೇ ಹಾಡಿಲ್ಲ ಎಂಬ ವಾದವೊಂದಿದೆ. ಅದಕ್ಕೆ ಆಧಾರವಿಲ್ಲದೆ ಇಲ್ಲ. ನಾಟಿಯಂತೆ ಹಣ್ಣು ಕುಯ್ಯುವುದು ಒಂದೇ ಗತಿಯಲ್ಲಿ ಕೈ ಆಡುವ ಕೆಲಸವಲ್ಲ. ಗಿಡಕ್ಕೊಬ್ಬರಂತೆ ಚದುರಿ, ತೂಕದ ಮೇಲೆ ಕೂಲಿ ಎಣಿಸಿಕೊಂಡು, ಮೇಸ್ತ್ರಿಯ ಕಣ್ಣಳವಿನಲ್ಲಿ ನಡೆಯುವ ಕೆಲಸ. ಮರಗಸಿಯಲ್ಲಿ ಕೊಂಬೆಯ ಮೇಲಿರುವವನು ಹಾಡಲಾರ. ಆದರೆ ಅಸ್ಸಾಮಿನ ಚಹಾ ತೋಟಗಳನ್ನು ನೋಡಿದರೆ ಈ ವಾದ ನಿಲ್ಲುವುದಿಲ್ಲ. ಎಲೆ ಕೀಳುವುದೂ ಹೀಗೆಯೇ ಬಿಡಿಬಿಡಿಯಾದ, ತೂಕದ ಲೆಕ್ಕದ ದುಡಿಮೆ. ಆದರೂ ಅಲ್ಲಿಗೆ ಛೋಟಾನಾಗಪುರ ಮೊದಲಾದ ಕಡೆಗಳಿಂದ ಹೋದ ಕಾರ್ಮಿಕರ ಝುಮುರ್ ಹಾಡುಗಳಲ್ಲಿ ಕರೆತಂದ ದಲ್ಲಾಳಿ, ತೋಟದ ಸಾಹೇಬ, ಬಿಟ್ಟುಬಂದ ಊರು ಎಲ್ಲವೂ ಇವೆ. ಆ ಹಾಡುಗಳು ಹುಟ್ಟಿ ಬೆಳೆದದ್ದು ಗಿಡಗಳ ಸಾಲಿನಲ್ಲಲ್ಲ, ಸಂಜೆಯ ಲೈನುಗಳಲ್ಲಿ, ಹಬ್ಬದ ಕುಣಿತದಲ್ಲಿ. ಆದುದರಿಂದ ಕಾಫಿ ಸೀಮೆಯಲ್ಲಿ ಹಾಡನ್ನು ಹುಡುಕಬೇಕಾದ ಹೊತ್ತೂ ಜಾಗವೂ ಬೇರೆ: ದುಡಿಮೆಯ ಹೊತ್ತಲ್ಲ, ದುಡಿಮೆ ಮುಗಿದ ಹೊತ್ತು, ತೋಟವಲ್ಲ, ಲೈನು.

ಇದಕ್ಕೆ ಕ್ಷೇತ್ರಕಾರ್ಯದ ಕ್ರಮವೇ ಬದಲಾಗಬೇಕು. ನಾಲ್ಕು ದಿನದ ಪ್ರವಾಸ, ಊರಿನ ಹಿರಿಯರೊಬ್ಬರ ಮನೆಯಲ್ಲಿ ವಾಸ, ಕರೆಸಿ ಹಾಡಿಸುವುದು ಎಂಬ ರೂಢಿಯಲ್ಲಿ ಲೈನಿನವರು ಮುಂದೆ ಬರುವುದಿಲ್ಲ. ತೋಟದ ಮಾಲೀಕರ ಅನುಮತಿಯಿಂದಲೇ ಲೈನಿಗೆ ಹೋಗಬೇಕಾಗುತ್ತದೆ. ಆ ಅನುಮತಿಯೊಂದಿಗೆ ಬಂದವನಿಗೆ ಮಾಲೀಕರನ್ನು ಕುರಿತ ಪದ ಸಿಗುವುದಿಲ್ಲ. ಹಾಡಿನ ಜೊತೆಗೆ ದಾಖಲಿಸಬೇಕಾದದ್ದು ವಕ್ತೃವಿನ ಹೆಸರು, ವಯಸ್ಸು, ಜಾತಿಗಳಷ್ಟೇ ಅಲ್ಲ. ಯಾವ ಊರಿನಿಂದ ಯಾವ ತಲೆಮಾರಿನಲ್ಲಿ ಬಂದವರು, ಹಾಡನ್ನು ಯಾರಿಂದ ಎಲ್ಲಿ ಕಲಿತರು, ಕೊನೆಯ ಬಾರಿ ಹಾಡಿದ್ದು ಯಾವಾಗ ಎಂಬುದೂ ಬೇಕು. ಈ ಕೊನೆಯ ಪ್ರಶ್ನೆಗೆ ಉತ್ತರ ದೊರೆತ ದಾಖಲೆಗಳು ನಮ್ಮಲ್ಲಿ ಅತಿ ಕಡಿಮೆ. ತುಳು ಅಥವಾ ತಮಿಳಿನಲ್ಲಿ ಹಾಡಿದ್ದನ್ನು ಕನ್ನಡದ ಗದ್ಯಸಾರಾಂಶಕ್ಕೆ ಇಳಿಸಿ ಮೂಲವನ್ನು ಬಿಟ್ಟುಬಿಡುವ ಅಭ್ಯಾಸವಂತೂ ನಿಲ್ಲಲೇಬೇಕು.

ಕಾಲವೂ ಹೆಚ್ಚಿಲ್ಲ. ಘಟ್ಟದ ಕೆಳಗಿನವರ ಮೊಮ್ಮಕ್ಕಳು ಲೈನು ಬಿಟ್ಟು ಪಟ್ಟಣಗಳ ಕಡೆಗೆ ಹೋಗುತ್ತಿದ್ದಾರೆ. ಖಾಲಿಯಾದ ಲೈನು ಮನೆಗಳಿಗೆ ಈಚಿನ ವರ್ಷಗಳಲ್ಲಿ ಅಸ್ಸಾಮ್, ಪಶ್ಚಿಮ ಬಂಗಾಳ, ಝಾರ್ಖಂಡಗಳಿಂದ ಕೆಲಸಗಾರರು ಬಂದು ಸೇರುತ್ತಿದ್ದಾರೆ. ಅರೇಬಿಕಾ ಕುಯ್ಲು ನವೆಂಬರಿನಿಂದ, ರೋಬಸ್ಟಾ ಕುಯ್ಲು ಜನವರಿಯಿಂದ. ದೀಪಾವಳಿಯ ಅಂಟಿಗೆ ಪಂಟಿಗೆ ಮುಗಿದು ಸುಗ್ಗಿ ಬರುವವರೆಗಿನ ಈ ತಿಂಗಳುಗಳನ್ನು ಜಾನಪದ ಕ್ಷೇತ್ರಕಾರ್ಯದ ಪಂಚಾಂಗದಲ್ಲಿ ಬಿಡುವಿನ ಕಾಲವೆಂದು ಎಣಿಸಲಾಗುತ್ತದೆ. ಲೈನುಗಳು ತುಂಬಿರುವುದು ಆ ತಿಂಗಳುಗಳಲ್ಲಿಯೇ.