ಸೇವಾ ಕ್ಲಬ್ಬಿನ ಮುಂದಾಳು: ಪದಗ್ರಹಣದ ಮರುದಿನದಿಂದ

ಜುಲೈ ತಿಂಗಳು ಬಂತೆಂದರೆ ನಮ್ಮ ಕಾರ್ಯಕ್ರಮ ವಿಭಾಗದ ಮೇಜಿನ ಮೇಲೆ ಒಂದೇ ಬಗೆಯ ಆಮಂತ್ರಣ ಪತ್ರಿಕೆಗಳು ಬಂದು ಬೀಳುತ್ತವೆ. ರೋಟರಿ, ಲಯನ್ಸ್, ಇನ್ನರ್‌ವೀಲ್ ಹೀಗೆ ಹೆಸರುಗಳು ಬೇರೆ ಬೇರೆ. ಒಕ್ಕಣೆ ಮಾತ್ರ ಒಂದೇ: 'ನೂತನ ಪದಾಧಿಕಾರಿಗಳ ಪದಗ್ರಹಣ ಸಮಾರಂಭ'. ಶಾಲು, ಹಾರ, ಫಲತಾಂಬೂಲ, ಹಳೆಯ ಅಧ್ಯಕ್ಷರ ಕೊರಳಿನಿಂದ ಹೊಸ ಅಧ್ಯಕ್ಷರ ಕೊರಳಿಗೆ ದಾಟುವ ಪದಕದ ಪಟ್ಟಿ, ಎಲ್ಲವೂ ಕ್ಯಾಮೆರಾಕ್ಕೆ ಒಳ್ಳೆಯ ದೃಶ್ಯಗಳೇ. ಆದರೆ ಮರುದಿನದಿಂದ ಮುಂದಿನ ಜೂನ್ ಕೊನೆಯವರೆಗೆ ಆ ಅಧ್ಯಕ್ಷರು ಏನು ಮಾಡುತ್ತಾರೆ, ಹೇಗೆ ಮಾಡಿಸುತ್ತಾರೆ ಎಂಬುದನ್ನು ಚಿತ್ರೀಕರಿಸಲು ನಮ್ಮನ್ನು ಕರೆಯುವವರು ಅಪರೂಪ. ಈ ಲೇಖನದ ವಿಷಯ ಅದೇ.

ಮೊದಲು ಸ್ವಲ್ಪ ಇತಿಹಾಸ. 1905ರ ಫೆಬ್ರವರಿ 23ರಂದು ಅಮೆರಿಕದ ಶಿಕಾಗೊ ನಗರದಲ್ಲಿ ಪಾಲ್ ಹ್ಯಾರಿಸ್ ಎಂಬ ವಕೀಲರು ಮೂವರು ಗೆಳೆಯರೊಂದಿಗೆ ಸೇರಿದ್ದು ರೋಟರಿಯ ಆರಂಭ. ಸಭೆಯನ್ನು ಸದಸ್ಯರ ಕಚೇರಿಗಳಲ್ಲಿ ಸರದಿಯಂತೆ ನಡೆಸುತ್ತಿದ್ದುದರಿಂದ, ಸುತ್ತುವುದು ಎಂಬ ಅರ್ಥದ ಆ ಹೆಸರು ಬಂತು. ಅದೇ ನಗರದಲ್ಲಿ 1917ರಲ್ಲಿ ಮೆಲ್ವಿನ್ ಜೋನ್ಸ್ ಅವರ ಮುಂದಾಳತ್ವದಲ್ಲಿ ಲಯನ್ಸ್ ಹುಟ್ಟಿತು. 1925ರಲ್ಲಿ ಹೆಲೆನ್ ಕೆಲ್ಲರ್ ಅವರು ಲಯನ್ಸ್ ಸಮ್ಮೇಳನಕ್ಕೆ ಬಂದು ಅಂಧರ ನೆರವಿಗೆ ನಿಲ್ಲಿರೆಂದು ಕೇಳಿಕೊಂಡರು. ಆ ಸಂಸ್ಥೆಗೂ ಕಣ್ಣಿನ ಕೆಲಸಕ್ಕೂ ನಂಟು ಬೆಳೆದದ್ದು ಅಲ್ಲಿಂದ. ಭಾರತಕ್ಕೆ ರೋಟರಿ ಬಂದದ್ದು ಕಲ್ಕತ್ತೆಯ ಮೂಲಕ, 1920ರ ಹೊತ್ತಿಗೆ. ಲಯನ್ಸ್ ಬಂದದ್ದು 1956ರಲ್ಲಿ. ಈಗ ನಮ್ಮ ತಾಲ್ಲೂಕು ಕೇಂದ್ರಗಳಲ್ಲೂ ಇವುಗಳ ಫಲಕಗಳು ಕಾಣುತ್ತವೆ.

ಇಂಥ ಕ್ಲಬ್ಬಿನ ಅಧ್ಯಕ್ಷರ ಸ್ಥಾನ ಒಂದು ವಿಚಿತ್ರ ಸ್ಥಾನ. ಕಚೇರಿಯ ಮೇಲಧಿಕಾರಿಯಂತೆ ಅವರು ಯಾರ ಸಂಬಳವನ್ನೂ ತಡೆಯಲಾರರು, ಯಾರನ್ನೂ ವರ್ಗ ಮಾಡಲಾರರು. ಎದುರಿಗೆ ಕೂತ ಸದಸ್ಯರಲ್ಲಿ ಔಷಧಿ ಅಂಗಡಿಯವರಿದ್ದಾರೆ, ಕಾಲೇಜಿನ ಉಪನ್ಯಾಸಕರಿದ್ದಾರೆ, ಗುತ್ತಿಗೆದಾರರು, ವಿಮಾ ಕಚೇರಿಯವರು, ಅಡಿಕೆ ಮಂಡಿಯ ಯಜಮಾನರು ಇದ್ದಾರೆ. ಎಲ್ಲರೂ ತಮ್ಮ ತಮ್ಮ ಮನೆಯಲ್ಲಿ, ಅಂಗಡಿಯಲ್ಲಿ ಹೇಳಿ ಮಾಡಿಸುವವರೇ ಹೊರತು ಹೇಳಿಸಿಕೊಳ್ಳುವವರಲ್ಲ. 'ನಾಳೆ ಬೆಳಿಗ್ಗೆ ಆರಕ್ಕೆ ವ್ಯಾನ್ ಹತ್ತಿರ ಇರಿ' ಎಂದರೆ ಅವರು ಬರಬೇಕಾದ ಕಾನೂನು ಯಾವುದೂ ಇಲ್ಲ. ಬರುವುದು ಎರಡೇ ಕಾರಣಕ್ಕೆ: ಕರೆದವರ ಮೇಲೆ ವಿಶ್ವಾಸ, ತನ್ನ ಕೆಲಸ ಏನೆಂಬುದು ಸ್ಪಷ್ಟವಾಗಿ ಗೊತ್ತಿರುವುದು. ಎರಡನೆಯದನ್ನು ನಮ್ಮಲ್ಲಿ ಕಡೆಗಣಿಸುವುದೇ ಹೆಚ್ಚು. 'ಎಲ್ಲರೂ ಬಂದು ಸಹಕರಿಸಬೇಕು' ಎಂಬ ಕರೆಗೆ ಯಾರೂ ಬರುವುದಿಲ್ಲ. 'ನೋಂದಣಿ ಮೇಜು ನಿಮ್ಮದು, ಏಳರಿಂದ ಹತ್ತರವರೆಗೆ' ಎಂದರೆ ಬರುತ್ತಾರೆ. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎನ್ನುತ್ತಾರೆ. ಯಾರ ಕೈಗೆ ಯಾವ ಕಡ್ಡಿ ಎಂದು ಹಂಚುವುದೇ ಇಲ್ಲಿ ಮುಂದಾಳಿನ ಮೊದಲ ಕೆಲಸ.

ಉದಾಹರಣೆಗೆ ನೇತ್ರ ಶಿಬಿರವನ್ನೇ ತೆಗೆದುಕೊಳ್ಳೋಣ.

ಕಣ್ಣಿನೊಳಗೆ ಪಾರದರ್ಶಕವಾದ ಒಂದು ಮಸೂರವಿದೆ. ವಯಸ್ಸಾದಂತೆ ಅದರಲ್ಲಿರುವ ಪ್ರೋಟೀನುಗಳು ಮಾರ್ಪಟ್ಟು ಗುಂಪುಗೂಡಿ ಮಸೂರ ಮಬ್ಬಾಗುತ್ತದೆ. ನಾವು ಪೊರೆ ಎನ್ನುವುದು ಇದನ್ನೇ. ಅದು ಕಣ್ಣಿನ ಮೇಲೆ ಬೆಳೆಯುವ ಪದರವಲ್ಲ. ಹನಿ ಔಷಧಿಯಿಂದ ಅದು ಕರಗುವುದಿಲ್ಲ. ಶಸ್ತ್ರಚಿಕಿತ್ಸೆಯೊಂದೇ ದಾರಿ. ಆ ದಾರಿಯನ್ನು ಹಳ್ಳಿಯವರ ಬಾಗಿಲಿಗೆ ತಂದವರಲ್ಲಿ ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿಯವರ ಹೆಸರನ್ನು ಕನ್ನಡಿಗರು ಮರೆಯುವಂತಿಲ್ಲ. ಛತ್ರಗಳಲ್ಲಿ, ಶಾಲೆಗಳಲ್ಲಿ ಸಾಮೂಹಿಕ ಉಚಿತ ಶಿಬಿರಗಳನ್ನು ನಡೆಸಿ, ದಿನವೊಂದಕ್ಕೆ ನೂರಾರು ಶಸ್ತ್ರಚಿಕಿತ್ಸೆ ಮಾಡಿದವರು ಅವರು. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಅವರಿಗೆ ಸಂದವು, 2005ರಲ್ಲಿ ತೀರಿಕೊಂಡರು. ಅಂಥ ಶಿಬಿರಗಳ ಹಿಂದೆ ಆಯಾ ಊರಿನ ಸೇವಾಕರ್ತರ ಒಂದು ಪಡೆಯೇ ಇರುತ್ತಿತ್ತು: ಹಾಸಿಗೆ ಚಾಪೆ ಹೊಂದಿಸುವವರು, ಗಂಜಿ ಬೇಯಿಸುವವರು, ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡ ಅಜ್ಜ ಅಜ್ಜಿಯರನ್ನು ಕೈ ಹಿಡಿದು ನಡೆಸುವವರು.

ಆಗ ಮಬ್ಬಾದ ಮಸೂರವನ್ನು ಪೂರ್ತಿ ತೆಗೆದು ದಪ್ಪ ಗಾಜಿನ ಕನ್ನಡಕ ಕೊಡುತ್ತಿದ್ದರು. ರೋಗಿ ಹಲವು ದಿನ ಶಿಬಿರದಲ್ಲೇ ಮಲಗಿರಬೇಕಿತ್ತು. ಈಗ ಸಣ್ಣ ಸೀಳಿನ ಮೂಲಕ ಕೃತಕ ಮಸೂರವನ್ನು ಕಣ್ಣಿನೊಳಗೇ ಕೂರಿಸುತ್ತಾರೆ. ಮನೆಗೆ ಬೇಗ ಕಳುಹಿಸುತ್ತಾರೆ. ಇದರೊಂದಿಗೆ ಇನ್ನೊಂದು ಬದಲಾವಣೆಯೂ ಆಯಿತು. ಶಾಲೆಯ ಕೊಠಡಿಯನ್ನು ಎಷ್ಟು ತೊಳೆದರೂ ಅದು ಶಸ್ತ್ರಚಿಕಿತ್ಸಾ ಕೊಠಡಿಯಾಗದು. ಸೋಂಕಿನ ಭಯದಿಂದ, ಊರಿನಲ್ಲಿ ತಪಾಸಣೆ ಮಾತ್ರ ಮಾಡಿ, ಶಸ್ತ್ರಚಿಕಿತ್ಸೆಗೆ ರೋಗಿಗಳನ್ನು ಸುಸಜ್ಜಿತ ಆಸ್ಪತ್ರೆಗೆ ಕರೆದೊಯ್ಯುವ ಪದ್ಧತಿ ಬಂತು. ವೈದ್ಯಕೀಯವಾಗಿ ಇದು ಸರಿಯಾದ ಹೆಜ್ಜೆ. ಆದರೆ ಕ್ಲಬ್ಬಿನ ಕೆಲಸದ ಸ್ವರೂಪವೇ ಇದರಿಂದ ಬದಲಾಯಿತೆಂಬುದನ್ನು ಹಲವು ಪದಾಧಿಕಾರಿಗಳು ಇನ್ನೂ ಗಮನಿಸಿಲ್ಲವೆಂದು ನನಗೆ ತೋರುತ್ತದೆ.

ಹೇಗೆಂದರೆ, ಹಿಂದೆ ರೋಗಿ ಅಪಾಯದ ದಿನಗಳನ್ನು ವೈದ್ಯರ ಕಣ್ಣೆದುರಿಗೇ ಕಳೆಯುತ್ತಿದ್ದ. ಈಗ ಆ ದಿನಗಳನ್ನು ತನ್ನ ಮನೆಯ ಪಡಸಾಲೆಯಲ್ಲಿ ಕಳೆಯುತ್ತಾನೆ. ಕಣ್ಣಿನೊಳಗೆ ಸೋಂಕಾಗುವುದು ಅಪರೂಪ. ಆದರೆ ಆದರೆ, ಅದು ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು ಮೊದಲ ವಾರದೊಳಗೇ. ನೋವು, ಕೆಂಪು, ಬಂದಿದ್ದ ದೃಷ್ಟಿ ಮತ್ತೆ ಮಂಕಾಗುವುದು ಇವು ಲಕ್ಷಣಗಳು. ಆಗ ಗಂಟೆಗಳ ಲೆಕ್ಕದಲ್ಲಿ ಚಿಕಿತ್ಸೆ ಸಿಗಬೇಕು, ಇಲ್ಲವಾದರೆ ಕಣ್ಣೇ ಹೋಗಬಹುದು. ಊರಾಚೆಯ ತೋಟದ ಮನೆಯಲ್ಲಿರುವ ಒಬ್ಬ ಅಜ್ಜಿಗೆ ನಾಲ್ಕನೆಯ ರಾತ್ರಿ ಕಣ್ಣು ನೋಯತೊಡಗಿತು ಎಂದುಕೊಳ್ಳಿ. 'ಆಪರೇಷನ್ ಆದ ಮೇಲೆ ನೋವು ಇದ್ದೇ ಇರುತ್ತದೆ, ಪುಣ್ಯಾತ್ಮರು ಪುಕ್ಕಟೆ ಮಾಡಿಸಿದ್ದಾರೆ, ಅವರಿಗೇಕೆ ತೊಂದರೆ' ಎಂದು ಆಕೆ ಸುಮ್ಮನಿರುತ್ತಾಳೆ. ಮಗ ಸಂತೆಗೆ ಹೋಗಿರುತ್ತಾನೆ. ಆಸ್ಪತ್ರೆಯ ಚೀಟಿ ದೇವರ ಗೂಡಿನಲ್ಲಿ ಭದ್ರವಾಗಿರುತ್ತದೆ, ಓದುವವರಿರುವುದಿಲ್ಲ. ಆ ಅಜ್ಜಿಯ ಕಣ್ಣು ಉಳಿಯುವುದು ಶಿಬಿರ ಉದ್ಘಾಟಿಸಿದ ಗಣ್ಯರಿಂದಲ್ಲ. ಹೆಸರಿನ ಪಟ್ಟಿ ಹಿಡಿದು ಮರುದಿನ, ಮೂರನೆಯ ದಿನ, ವಾರದ ಕೊನೆಗೆ 'ಕಣ್ಣು ಹೇಗಿದೆಯಮ್ಮ, ಹನಿ ಹಾಕಿಕೊಂಡಿರಾ' ಎಂದು ವಿಚಾರಿಸುವ ಒಬ್ಬ ಸದಸ್ಯನಿಂದ. ಅವನ ಕೈಯಲ್ಲಿ ಆಸ್ಪತ್ರೆಯ ದೂರವಾಣಿ ಸಂಖ್ಯೆ ಇರಬೇಕು, ರಾತ್ರಿ ಹೊರಡುವ ಒಂದು ವಾಹನ ಗೊತ್ತಿರಬೇಕು. ಇಷ್ಟೇ. ಆದರೆ ಇದು ಯಾವ ಕ್ಯಾಮೆರಾಕ್ಕೂ ಸಿಗದ ಕೆಲಸ.

ಶಿಬಿರಕ್ಕೆ ದಿನ ಗೊತ್ತುಮಾಡುವಾಗಲೂ ಬುದ್ಧಿ ಬೇಕು. ಸುಗ್ಗಿಯ ಕಾಲದಲ್ಲಿ ಇಟ್ಟರೆ ಮುದುಕರನ್ನು ಕರೆತರುವ ಮಕ್ಕಳಿಗೆ ಬಿಡುವಿರುವುದಿಲ್ಲ. ಮಧುಮೇಹ, ರಕ್ತದೊತ್ತಡ ಮೊದಲೇ ನೋಡದಿದ್ದರೆ ಆಸ್ಪತ್ರೆಯವರೆಗೆ ಹೋಗಿ ಹಾಗೇ ಹಿಂದಿರುಗಬೇಕಾಗುತ್ತದೆ. ಒಮ್ಮೆ ಹಾಗೆ ಬಂದವರು ಮತ್ತೆ ಹೊರಡುವುದು ಕಷ್ಟ. ಮಹಿಳೆಯರನ್ನು ಕರೆತರುವುದು ಇನ್ನೂ ಕಷ್ಟ. ಇಲ್ಲಿ ಮಹಿಳಾ ಸದಸ್ಯರ ಮಾತು ನಡೆಯುವಂತೆ ಗಂಡಸರದು ನಡೆಯದು. 1987ರವರೆಗೆ ಲಯನ್ಸ್ ಮಹಿಳೆಯರಿಗೆ ಸದಸ್ಯತ್ವವನ್ನೇ ಕೊಟ್ಟಿರಲಿಲ್ಲ. ಅದೇ ವರ್ಷ ಅಮೆರಿಕದ ಸುಪ್ರೀಂ ಕೋರ್ಟಿನ ತೀರ್ಪು ರೋಟರಿಗೆ ವಿರುದ್ಧವಾಗಿ ಬಂದು, 1989ರಲ್ಲಿ ರೋಟರಿ ತನ್ನ ನಿಯಮವನ್ನೇ ತಿದ್ದಿತು. ಲಯನ್ಸಿಗೆ ಮೊದಲ ಮಹಿಳಾ ವಿಶ್ವಾಧ್ಯಕ್ಷರು ಬಂದದ್ದು 2018ರಲ್ಲಿ, ರೋಟರಿಗೆ 2022ರಲ್ಲಿ. ಊರಿನ ಸೇವೆಯಲ್ಲಿ ಅರ್ಧ ಊರನ್ನು ಹೊರಗಿಟ್ಟ ಕಾಲ ಅಷ್ಟು ದೀರ್ಘವಾಗಿತ್ತು.

ಇನ್ನು ಒಂದು ವರ್ಷದ ಅವಧಿಯ ಪ್ರಶ್ನೆ. ಅಧ್ಯಕ್ಷರು ವರ್ಷಕ್ಕೊಮ್ಮೆ ಬದಲಾಗುವುದರಿಂದ ಯಾರೂ ಕುರ್ಚಿಗೆ ಅಂಟಿಕೊಳ್ಳಲಾರರು. ನಮ್ಮ ಎಷ್ಟೋ ಸಂಘಗಳನ್ನು ನೋಡಿದವರಿಗೆ ಇದರ ಬೆಲೆ ಗೊತ್ತು. ಆದರೆ ಇದೇ ಕಾರಣಕ್ಕೆ ಪ್ರತಿಯೊಬ್ಬರಿಗೂ ತನ್ನ ವರ್ಷದ ಗುರುತು ಉಳಿಸುವ ಆಸೆ. ಬಸ್ ತಂಗುದಾಣದ ಫಲಕಗಳನ್ನು ನೋಡಿ: ಕೆಲವೆಡೆ ನೆರಳಿಗಿಂತ ಹೆಸರಿನ ಪಟ್ಟಿಯೇ ದೊಡ್ಡದು. ಹಿಂದಿನವರು ನೆಟ್ಟ ಗಿಡಕ್ಕೆ ನೀರು ಹಾಕಿದರೆ ಫಲಕದಲ್ಲಿ ಹೆಸರು ಬರುವುದಿಲ್ಲವಲ್ಲ.

ವರ್ಷವನ್ನು ಮೀರಿದ ಕೆಲಸವೂ ಇದೇ ವ್ಯವಸ್ಥೆಯಲ್ಲಿ ಸಾಧ್ಯವೆಂಬುದಕ್ಕೆ ಪೋಲಿಯೊ ಸಾಕ್ಷಿ. ರೋಟರಿ ತನ್ನ ಪೋಲಿಯೊ ಯೋಜನೆಯನ್ನು ಪ್ರಕಟಿಸಿದ್ದು 1985ರಲ್ಲಿ. 1988ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ರಾಷ್ಟ್ರಗಳು ಪೋಲಿಯೊ ನಿರ್ಮೂಲನದ ನಿರ್ಣಯ ಕೈಗೊಂಡಾಗ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 3.5 ಲಕ್ಷ ಮಂದಿಗೆ ಈ ರೋಗ ತಗಲುತ್ತಿತ್ತು. ಭಾರತದಲ್ಲಿ ಪಲ್ಸ್ ಪೋಲಿಯೊ 1995ರಲ್ಲಿ ಮೊದಲಾಯಿತು. ಐದು ವರ್ಷದೊಳಗಿನ ಎಲ್ಲ ಮಕ್ಕಳಿಗೂ ಒಂದೇ ದಿನ ಏಕೆ ಹನಿ ಹಾಕಬೇಕು ಎಂದು ಕೇಳುವವರುಂಟು. ಹನಿಯಲ್ಲಿರುವ ದುರ್ಬಲಗೊಳಿಸಿದ ವೈರಸ್ ಮಗುವಿನ ಕರುಳಿನಲ್ಲಿ ಬೆಳೆದು ರೋಗನಿರೋಧ ಶಕ್ತಿ ಹುಟ್ಟಿಸುತ್ತದೆ. ಊರಿನ ಎಲ್ಲ ಮಕ್ಕಳಲ್ಲೂ ಏಕಕಾಲಕ್ಕೆ ಹೀಗಾದರೆ ರೋಗದ ವೈರಸ್ಸಿಗೆ ನೆಲೆಯೂರಲು ಜಾಗವಿರುವುದಿಲ್ಲ. ಹತ್ತು ಮನೆ ಬಿಟ್ಟುಹೋದರೆ ಅಲ್ಲಿ ಅದು ಉಳಿಯುತ್ತದೆ.

ಇಲ್ಲಿ ಹೊರೆ ಹೊತ್ತವರು ಮುಖ್ಯವಾಗಿ ಸರ್ಕಾರದ ಆರೋಗ್ಯ ಕಾರ್ಯಕರ್ತೆಯರು ಮತ್ತು ಅಂಗನವಾಡಿಯವರು ಎಂಬುದನ್ನು ಒಪ್ಪಲೇಬೇಕು. ಕ್ಲಬ್ಬಿನ ಸ್ವಯಂಸೇವಕರು ಹಣ ಕೂಡಿಸಿದರು, ವಾಹನ ಒದಗಿಸಿದರು, ಬೂತಿನಲ್ಲಿ ಕೂತರು. ಲಸಿಕೆಯ ಸೀಸೆಯ ಮೇಲೆ ಒಂದು ವೃತ್ತ, ಅದರೊಳಗೆ ತಿಳಿಬಣ್ಣದ ಚೌಕವಿರುತ್ತದೆ. ಶಾಖ ತಗಲಿದಷ್ಟೂ ಚೌಕ ಕಪ್ಪಾಗುತ್ತದೆ, ವೃತ್ತದಷ್ಟೇ ಕಪ್ಪಾದರೆ ಸೀಸೆಯನ್ನು ಬದಿಗಿಡಬೇಕು. ಇಂಥದನ್ನು ಬಟ್ಟೆ ವ್ಯಾಪಾರಿಯೂ ಕಲಿತುಕೊಂಡ. ಮನೆ ಮನೆ ಭೇಟಿಯಲ್ಲಿ ಎಲ್ಲ ಮಕ್ಕಳಿಗೂ ಹನಿ ಬಿದ್ದ ಮನೆಯ ಗೋಡೆಗೆ ಸೀಮೆಸುಣ್ಣದಲ್ಲಿ 'ಪಿ' ಎಂದೂ ಬಾಕಿ ಉಳಿದ ಮನೆಗೆ 'ಎಕ್ಸ್' ಎಂದೂ ಬರೆಯುತ್ತಿದ್ದರು. 'ಎಕ್ಸ್' ಮನೆಗಳಿಗೆ ಮತ್ತೆ ಹೋಗಿ, ಬೇಡವೆಂದ ಅಜ್ಜಿಯನ್ನು ಒಪ್ಪಿಸುವುದು ಊರಿನ ಪರಿಚಯದ ಮುಖದಿಂದ ಮಾತ್ರ ಆಗುವ ಕೆಲಸವಾಗಿತ್ತು. 2009ರಲ್ಲಿ ದೇಶದಲ್ಲಿ 741 ಪ್ರಕರಣಗಳಿದ್ದವು, 2010ರಲ್ಲಿ 42, 2011ರಲ್ಲಿ ಒಂದೇ ಒಂದು. ಆ ಜನವರಿ 13ರಂದು ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯ ಮಗುವೊಂದರಲ್ಲಿ ಕಂಡದ್ದೇ ಕೊನೆಯದು. 2014ರ ಮಾರ್ಚ್ 27ರಂದು ಭಾರತವೂ ಸೇರಿದ ಆಗ್ನೇಯ ಏಷ್ಯಾ ವಲಯಕ್ಕೆ ಪೋಲಿಯೊ ಮುಕ್ತವೆಂಬ ಪ್ರಮಾಣಪತ್ರ ದೊರೆಯಿತು. 1985ರಿಂದ ಲೆಕ್ಕ ಹಾಕಿದರೆ ಪ್ರತಿ ಕ್ಲಬ್ಬಿನಲ್ಲೂ ಇಪ್ಪತ್ತೆಂಟೋ ಇಪ್ಪತ್ತೊಂಬತ್ತೋ ಅಧ್ಯಕ್ಷರು ಬಂದುಹೋದ ಅವಧಿ ಅದು.

ಇಂಥ ಮುಂದುವರಿಕೆಗೆ ನಿಯಮಾವಳಿಯಲ್ಲೇ ಒಂದು ಏರ್ಪಾಡಿದೆ. ನಿಕಟಪೂರ್ವ ಅಧ್ಯಕ್ಷರೂ ಮುಂದಿನ ವರ್ಷಕ್ಕೆ ಆಯ್ಕೆಯಾದವರೂ ಈಗಿನ ಮಂಡಳಿಯಲ್ಲಿ ಕೂರುತ್ತಾರೆ. ಮೂವರೂ ಜಗಳವಾಡದೆ ಮಾತನಾಡಿದರೆ ಮೂರು ವರ್ಷದ ಯೋಜನೆ ತಾನಾಗಿ ಸಿದ್ಧವಾಗುತ್ತದೆ. ಹಣದ ವಿಷಯದಲ್ಲೂ ಹಾಗೆಯೇ. ಸದಸ್ಯರ ಚಂದಾ ಹಣ ಕ್ಲಬ್ಬಿನ ಊಟ, ಅಂಚೆ, ಸಭಾಂಗಣಕ್ಕೆ. ಸಾರ್ವಜನಿಕರು ಕೊಟ್ಟದ್ದು ಸೇವೆಗೆ ಮಾತ್ರ. ಲಯನ್ಸ್ ನಿಯಮ ಈ ಎರಡನ್ನೂ ಬೇರೆ ಬೇರೆ ಇಡಲೇಬೇಕೆನ್ನುತ್ತದೆ. ಪದಗ್ರಹಣದ ಹಾರದ ಖರ್ಚು ಎರಡನೆಯ ಖಾತೆಗೆ ಬಿದ್ದರೆ, ಊರಿನವರು ಮುಂದಿನ ಸಲ ಕೊಡುವ ಮೊದಲು ಯೋಚಿಸುತ್ತಾರೆ.

ನಿಮ್ಮ ಊರಿನ ಕ್ಲಬ್ಬಿಗೆ ಸೇರುವ ಮನಸ್ಸಿದ್ದರೆ ಒಂದೆರಡು ಸಭೆಗಳಿಗೆ ಅತಿಥಿಯಾಗಿ ಹೋಗಿ ಬನ್ನಿ. ಹೇಳಿದ ಸಮಯಕ್ಕೆ ಸಭೆ ಆರಂಭವಾಗುತ್ತದೆಯೇ, ಹಿಂದಿನ ಸಭೆಯ ನಡಾವಳಿಯಲ್ಲಿ ಒಪ್ಪಿಕೊಂಡ ಕೆಲಸದ ವರದಿಯನ್ನು ಯಾರಾದರೂ ಕೇಳುತ್ತಾರೆಯೇ ಗಮನಿಸಿ. ಕಳೆದ ನೇತ್ರ ಶಿಬಿರದಲ್ಲಿ ಎಷ್ಟು ಜನರಿಗೆ ಶಸ್ತ್ರಚಿಕಿತ್ಸೆ ಆಯಿತೆಂದು ಕೇಳಿದರೆ ಉತ್ತರ ತಟ್ಟನೆ ಸಿಗುತ್ತದೆ. ಅವರಲ್ಲಿ ಎಷ್ಟು ಜನ ವಾರದ ನಂತರದ ತಪಾಸಣೆಗೆ ಬಂದರು, ತಿಂಗಳ ನಂತರ ಕನ್ನಡಕದ ಪರೀಕ್ಷೆಗೆ ಎಷ್ಟು ಜನ ಬಂದರು ಎಂದೂ ಕೇಳಿ. ಕಾರ್ಯದರ್ಶಿಯವರು ಎದ್ದುಹೋಗಿ ಒಂದು ನೋಟ್ ಪುಸ್ತಕ ತಂದು ಪುಟ ತಿರುವಿದರೆ, ಅರ್ಜಿ ನಮೂನೆಯನ್ನು ಅಂದೇ ಕೇಳಿ ಪಡೆಯಬಹುದು.