ಎಂಟು ಸಿಲಿಂಡರಿನ ಗುಡುಗು: ಮಸಲ್ ಕಾರಲ್ಲಿ ಅಂಥದ್ದೇನಿದೆ?

ಬರೀ ವೇಗ ಬೇಕಿದ್ರೆ ಮಸಲ್ ಕಾರ್ ಯಾಕೆ? ಈಗಿನ ಎಷ್ಟೋ ಎಲೆಕ್ಟ್ರಿಕ್ ಕಾರುಗಳು ಸದ್ದಿಲ್ಲದೆ, ಗೇರಿನ ಗೋಜಿಲ್ಲದೆ, ಸಿಗ್ನಲ್ ಬಿಟ್ಟ ಕೂಡಲೇ ಅದನ್ನ ಹಿಂದೆ ಹಾಕಿ ಹೋಗ್ತವೆ. ಆದ್ರೂ ಫೋರ್ಡ್ ಮಸ್ಟ್ಯಾಂಗ್ ಜಿಟಿ ಒಂದು ಪಕ್ಕದಲ್ಲಿ ಹಾದುಹೋದ್ರೆ ಕತ್ತು ತಾನಾಗೇ ತಿರುಗುತ್ತೆ. ಯಾಕಿರಬಹುದು?

ಮೊದಲು ಸ್ವಲ್ಪ ಹಿನ್ನೆಲೆ. 1964ರಲ್ಲಿ ಅಮೆರಿಕದ ಪಾಂಟಿಯಾಕ್ ಕಂಪನಿ ತನ್ನ ಮಧ್ಯಮ ಗಾತ್ರದ ಕಾರಿಗೆ 6.4 ಲೀಟರಿನ ದೊಡ್ಡ ವಿ8 ಎಂಜಿನ್ ಕೂರಿಸಿ ಜಿಟಿಒ ಅಂತ ಮಾರಿತು. ಅದೇ ವರ್ಷ ಏಪ್ರಿಲ್ 17ರಂದು ಮಸ್ಟ್ಯಾಂಗ್ ಬಂತು. ಯುರೋಪಿನ ಸ್ಪೋರ್ಟ್ಸ್ ಕಾರುಗಳು ಶ್ರೀಮಂತರ ಸೊತ್ತಾಗಿದ್ದಾಗ, ತಿಂಗಳ ಸಂಬಳ ನಂಬಿದ ಹುಡುಗರ ಕೈಗೂ ಎಟುಕುವ ವೇಗ ಇದು. 1973ರ ತೈಲ ಬಿಕ್ಕಟ್ಟು, ಹೊಗೆ ನಿಯಮ, ದುಬಾರಿ ವಿಮೆ ಎಲ್ಲಾ ಸೇರಿ ಈ ಕಾರುಗಳು ಸೊರಗಿದವು. 2005ರ ಮಾಡೆಲ್ ಮಸ್ಟ್ಯಾಂಗ್, ಆಮೇಲೆ 2008ರ ಡಾಡ್ಜ್ ಚಾಲೆಂಜರ್ ಹಳೇ ರೂಪವನ್ನೇ ನೆನಪಿಸ್ತಾ ಮತ್ತೆ ರಸ್ತೆಗಿಳಿದವು. 2015ರ ಹೊತ್ತಿಗೆ ಚಾಲೆಂಜರ್ ಹೆಲ್‌ಕ್ಯಾಟ್‌ನ ಶಕ್ತಿ 707 ಅಶ್ವಶಕ್ತಿ ಮುಟ್ಟಿತ್ತು!

ಪ್ರಾಜೆಕ್ಟ್ ಕೆಲಸಕ್ಕೆ ಮಿಶಿಗನ್‌ಗೆ ಹೋಗಿದ್ದಾಗ ಗೆಳೆಯರೊಬ್ಬರ 2024ರ ಮಸ್ಟ್ಯಾಂಗ್ ಜಿಟಿ ಓಡಿಸೋ ಅವಕಾಶ ಸಿಕ್ತು. ಆರು ಗೇರಿನ ಮ್ಯಾನುಯಲ್, 5 ಲೀಟರ್ ವಿ8, 480 ಅಶ್ವಶಕ್ತಿ. ಓಡಿಸಿದ್ದು ಡೆಟ್ರಾಯಿಟ್‌ನಿಂದ ಪಾಂಟಿಯಾಕ್ ಊರಿನವರೆಗೆ ಹೋಗುವ ವುಡ್‌ವರ್ಡ್ ಅವೆನ್ಯೂದಲ್ಲಿ. ಅರವತ್ತರ ದಶಕದಲ್ಲಿ ಹುಡುಗರು ಸಿಗ್ನಲ್‌ನಿಂದ ಸಿಗ್ನಲ್‌ಗೆ ರೇಸ್ ಕಟ್ತಿದ್ದ ರಸ್ತೆ ಅದು. ಈಗಲೂ ಪ್ರತಿ ಆಗಸ್ಟ್‌ನಲ್ಲಿ ಅಲ್ಲಿ ಹಳೇ ಕಾರುಗಳ ಜಾತ್ರೆ ನಡೆಯುತ್ತೆ.

ಸೀಟು ತಗ್ಗು, ಕಣ್ಣ ಮುಂದೆ ಉದ್ದನೆ ಬಾನೆಟ್. ಎಲೆಕ್ಟ್ರಿಕ್ ಕಾರು ತನ್ನ ಶಕ್ತಿಯನ್ನೆಲ್ಲ ಮೊದಲ ಕ್ಷಣದಲ್ಲೇ ಕೊಟ್ಟುಬಿಡುತ್ತೆ. ಇಲ್ಲಿ ಹಾಗಲ್ಲ. ಕ್ಲಚ್ ಬಿಟ್ಟು, ಎರಡನೇ ಗೇರಿನಲ್ಲಿ ಆಕ್ಸಲರೇಟರ್ ತುಳಿದ್ರೆ ಮೀಟರಿನ ಮುಳ್ಳು ಏರಿದ ಹಾಗೆ ಶಕ್ತಿಯೂ ಏರುತ್ತೆ, ಮುಳ್ಳು 7,500 ಆರ್‌ಪಿಎಂ ತನಕ ಹೋಗುತ್ತೆ. ಗೇರ್ ಯಾವಾಗ ಬದಲಿಸಬೇಕು ಅನ್ನೋದು ನಿಮ್ಮ ಕೈಲಿದೆ. ನಾನು ಇಲ್ಲಿ ಬರೆದ ಕೋಡ್ ಎಲ್ಲೋ ಕಾಣದ ಸರ್ವರಿನಲ್ಲಿ ಓಡುತ್ತೆ, ಫಲಿತಾಂಶ ಸ್ಕ್ರೀನ್ ಮೇಲೆ ಒಂದು ಹಸಿರು ಟಿಕ್ ಅಷ್ಟೇ. ಈ ಕಾರಿನಲ್ಲಿ ಕೈಕಾಲು ಮಾಡಿದ್ದಕ್ಕೆ ಉತ್ತರ ಬೆನ್ನಿಗೇ ತಾಗುತ್ತೆ. ಗಂಟೆಗೆ 60 ಕಿ.ಮೀ. ದಾಟದೇ ಇದ್ರೂ ಖುಷಿ ಸಿಗೋದು ಅದಕ್ಕೇ.

ಇನ್ನು ಆ ಸದ್ದು. ಅದರ ಹಿಂದೆ ಒಂದು ಲೆಕ್ಕ ಇದೆ. ಈ ವಿ8ನ ಕ್ರ್ಯಾಂಕ್‌ಶಾಫ್ಟ್ ಅನ್ನು ತುದಿಯಿಂದ ನೋಡಿದ್ರೆ ಪ್ಲಸ್ ಗುರುತಿನ ಹಾಗೆ ಕಾಣುತ್ತೆ. ಹಾಗಾಗಿ ಒಂದೊಂದು ಬದಿಯ ನಾಲ್ಕು ಸಿಲಿಂಡರುಗಳು ಸಮ ಅಂತರದಲ್ಲಿ ಉರಿಯಲ್ಲ: 90, 180, 270, 180 ಡಿಗ್ರಿ ಹೀಗೆ ಏರುಪೇರು. ಸಮವಾಗಿ ಬೀಳಬೇಕಾದ ತಮಟೆ ಪೆಟ್ಟು ಬೇಕಂತಲೇ ಹಿಂದೆಮುಂದೆ ಬಿದ್ದ ಹಾಗೆ. ಆ ಗುಡುಗುಡು ಹುಟ್ಟೋದು ಅಲ್ಲೇ. ಬೆಳಗ್ಗೆ ಪಕ್ಕದ ಮನೆಯವರ ನಿದ್ದೆ ಕೆಡಬಾರದು ಅಂತ ಸದ್ದು ತಗ್ಗಿಸುವ ಸೆಟಿಂಗ್ ಕೂಡ 2018ರ ಮಾಡೆಲ್‌ನಿಂದ ಇದೆ. ಹೆಸರು ‘ಗುಡ್ ನೇಬರ್ ಮೋಡ್’!

ಎಲ್ಲಾ ಚೆನ್ನಾಗಿದೆ ಅಂತಲ್ಲ. ಊರೊಳಗೆ ಲೀಟರಿಗೆ ಸುಮಾರು 6 ಕಿ.ಮೀ. ಅಷ್ಟೇ. ಹಿಂದಿನ ಸೀಟು ಮಕ್ಕಳಿಗೇ ಇಕ್ಕಟ್ಟು. ಅಷ್ಟೂ ಶಕ್ತಿ ಹಿಂದಿನ ಎರಡೇ ಚಕ್ರಕ್ಕೆ ಹೋಗೋದ್ರಿಂದ ಮಳೆಯಲ್ಲಿ ಕಾಲು ಹಗುರವಾಗಿರಬೇಕು. 2016ರಲ್ಲಿ ಇದು ಭಾರತಕ್ಕೆ ಬಂದಾಗ ಶೋರೂಂ ಬೆಲೆಯೇ ಸುಮಾರು 65 ಲಕ್ಷ ರೂಪಾಯಿ! ಅಲ್ಲಿ ಸಾಮಾನ್ಯರಿಗಾಗಿ ಹುಟ್ಟಿದ ಕಾರು ಇಲ್ಲಿ ಸಿರಿವಂತರ ಆಟಿಕೆಯಾಯ್ತು.

ಅಲ್ಲೂ ಕಾಲ ಬದಲಾಗ್ತಿದೆ. ಚಾಲೆಂಜರ್ ತಯಾರಿ 2023ರ ಡಿಸೆಂಬರ್‌ನಲ್ಲಿ ನಿಂತಿತು, ಷೆವರ್ಲೆ ಕಮಾರೊ ಕೂಡ ಅದೇ ಹೊತ್ತಿಗೆ. ಡಾಡ್ಜ್‌ನ ಎಲೆಕ್ಟ್ರಿಕ್ ಚಾರ್ಜರ್ ಡೇಟೋನಾಗೆ ಎಂಜಿನ್ ಇಲ್ಲ, ಆದ್ರೆ ಎಂಜಿನ್ನಿನಂಥ ಸದ್ದು ಹೊರಡಿಸೋ ವ್ಯವಸ್ಥೆಯನ್ನ ಕಂಪನಿಯೇ ಅಳವಡಿಸಿದೆ. ಸದ್ದಿಲ್ಲದ ಕಾರಿಗೆ ಸದ್ದು ತುಂಬಬೇಕಾಯ್ತು ಅಂದ್ರೆ, ಜನ ದುಡ್ಡು ಕೊಡ್ತಿದ್ದಿದ್ದು ವೇಗಕ್ಕೊಂದೇ ಅಲ್ಲ ಅನ್ನೋದು ತಯಾರಕರಿಗೂ ಗೊತ್ತಿದೆ.

ಸುಮ್ಮನೆ ಕೊಳ್ಳೋ ಕನಸು ಕಾಣೋದು ಬೇಡ. ಕೆಲಸದ ಮೇಲೆ ಅಮೆರಿಕಕ್ಕೆ ಹೋಗೋದಿದ್ರೆ ಒಂದು ದಿನಕ್ಕೆ ಬಾಡಿಗೆಗೆ ತಗೊಳ್ಳಿ. ಆದ್ರೆ ಮೊದಲೇ ಕೇಳಿ, ಬಾಡಿಗೆಗೆ ಕೊಡೋ ಮಸ್ಟ್ಯಾಂಗ್ 2.3 ಲೀಟರಿನ ನಾಲ್ಕು ಸಿಲಿಂಡರಿನದ್ದೂ ಆಗಿರಬಹುದು. ‘ಜಿಟಿ ಬೇಕು, ವಿ8 ಬೇಕು’ ಅಂತ ಗಟ್ಟಿಯಾಗಿ ಹೇಳಿ. ಭಾನುವಾರ ಬೆಳಗ್ಗೆ ಖಾಲಿ ರಸ್ತೆ ಹುಡುಕಿ, ಹಾಡು ಆಫ್ ಮಾಡಿ, ಕಿಟಕಿ ಇಳಿಸಿ ಓಡಿಸಿ.